ಪಟ್ಟಣದ ನಡುವಣ ಆಸ್ಪತ್ರೆ: ಹಾಸನದ ನಿವೇಶನ ವಿಚಾರ

ಪಟ್ಟಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ದೇವಾಲಯ, ಪೇಟೆಗಳ ಕಡೆಗೆ ದೃಷ್ಟಿ ಹರಿಸುತ್ತಾರೆ; ಆಸ್ಪತ್ರೆಯ ನಿವೇಶನವನ್ನು ಕುರಿತು ವಿಚಾರಿಸುವುದು ಅಪರೂಪ. ಹಾಸನದ ಕೃಷ್ಣರಾಜಪುರದಲ್ಲಿರುವ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಆವರಣವು ಅಂಥ ವಿಚಾರಣೆಗೆ ಅರ್ಹವಾದುದು. 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪಿತವಾದಾಗ ಅದು ಊರ ಹೊರಗಣ ಬಯಲನ್ನು ಅರಸಿ ಹೋಗದೆ ಈ ಆಸ್ಪತ್ರೆಯ ಆವರಣವನ್ನೇ ಆಶ್ರಯಿಸಿತು. ಇದು ಕೇವಲ ಆ ಹೊತ್ತಿನ ಅನುಕೂಲದಿಂದ ಆದದ್ದೆ, ಅಥವಾ ಹಳೆಯ ಪದ್ಧತಿಯೊಂದರ ಮುಂದುವರಿಕೆಯೆ?

ಮೈಸೂರು ಸಂಸ್ಥಾನದ ಚರಿತ್ರೆಯನ್ನು ನೋಡಿದರೆ ಎರಡನೆಯದೇ ಸರಿಯೆಂದು ತೋರುತ್ತದೆ. ಬೆಂಗಳೂರಿನ ಕೋಟೆಯ ಸಮೀಪದಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಸ್ತಿಭಾರ ಬಿದ್ದು, 1900ರಲ್ಲಿ ಅದು ತೆರೆಯಿತು. ಅದರ ನೆರೆಯಲ್ಲಿಯೇ 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯೂ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯೂ ಬಂದುವು. 1955ರಲ್ಲಿ ಮೆಡಿಕಲ್ ಕಾಲೇಜು ಇವುಗಳ ಬಳಿಗೆ ಬಂದಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿದ್ದ ಮೈಸೂರು ಮೆಡಿಕಲ್ ಕಾಲೇಜಾದರೋ 1930ರಲ್ಲಿ ಮೈಸೂರಿಗೆ ಹೋಗಿ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ಸೇರಿಕೊಂಡಿತು. ಕಾಲೇಜು ಆಸ್ಪತ್ರೆಯನ್ನು ಹಿಂಬಾಲಿಸಿತೇ ಹೊರತು ಆಸ್ಪತ್ರೆ ಕಾಲೇಜನ್ನಲ್ಲ. ಒಂದೇ ನಕ್ಷೆಯಿಂದ ಹುಟ್ಟಿದ ಆವರಣಗಳಲ್ಲ ಇವು. ಕಟ್ಟಡದ ಪಕ್ಕಕ್ಕೆ ಕಟ್ಟಡ ಸೇರಿ ಬೆಳೆದುವು.

ಆದರೆ ಹಾಸನದ ಕಾಲಕ್ಕೆ ಒಂದು ಹೊಸ ತೊಡಕು ಉಂಟಾಗಿತ್ತು. ಭಾರತೀಯ ವೈದ್ಯಕೀಯ ಪರಿಷತ್ತಿನ 1999ರ ನಿಯಮಗಳು ಹೊಸ ಕಾಲೇಜಿಗೆ ಸಾಮಾನ್ಯವಾಗಿ 25 ಎಕರೆ ನೆಲವನ್ನೂ ಪ್ರಾರಂಭದಲ್ಲಿಯೇ 300 ಹಾಸಿಗೆಗಳ ಆಸ್ಪತ್ರೆಯನ್ನೂ ವಿಧಿಸಿದ್ದುವು. ಹಾಸಿಗೆಗಳು ಊರ ನಡುವೆ ದೊರೆಯುತ್ತವೆ, ಎಕರೆಗಳು ಊರ ಹೊರಗೆ ದೊರೆಯುತ್ತವೆ! ಜಿಲ್ಲಾ ಕೇಂದ್ರಗಳಲ್ಲಿ ಕಾಲೇಜು ಕಟ್ಟಹೊರಟವರಿಗೆಲ್ಲ ಇದು ಎದುರಾಗುವ ಸಮಸ್ಯೆ. ಪರಿಷತ್ತಿನ ಸ್ಥಾನದಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2020ರ ನಿಯಮಗಳಲ್ಲಿ ನೆಲದ ಪರಿಮಾಣದ ಷರತ್ತನ್ನೇ ತೆಗೆದುಹಾಕಿತು. ಎಕರೆಯ ಲೆಕ್ಕ ವೈದ್ಯವಿದ್ಯೆಗೆ ಅನಿವಾರ್ಯವಾಗಿರಲಿಲ್ಲವೆಂದು ತಡವಾಗಿ ಒಪ್ಪಿಕೊಂಡಂತಾಯಿತು.

ಊರ ಹೊರಗೆ ಹೋಗುವುದು ತಪ್ಪೆಂದು ಇದರ ಅರ್ಥವಲ್ಲ. ಚನ್ನರಾಯಪಟ್ಟಣದಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯನ್ನು ಕಾಣುತ್ತಾರೆ. 1986ರಲ್ಲಿ ಸ್ಥಾಪಿತವಾದ ಅದು ಹಳ್ಳಿಗಾಡಿನ ವಿಶಾಲವಾದ ಬಯಲಿನಲ್ಲಿ ಬೆಳೆಯಿತು. ಹೆದ್ದಾರಿಯೇ ಅದರ ಆಧಾರ. ಜಿಲ್ಲಾ ಆಸ್ಪತ್ರೆಯ ಸ್ಥಿತಿ ಬೇರೆ. ಅದಕ್ಕೆ ಎಲ್ಲ ದಿಕ್ಕುಗಳಿಂದಲೂ ಜನ ಬರಬೇಕು. ಬಂದವರಲ್ಲಿ ಬಹುಮಂದಿ ಬಡವರು.

ಈ ದೃಷ್ಟಿಯಿಂದ ಮೂರು ತಾಲ್ಲೂಕುಗಳನ್ನು ಹೋಲಿಸಬಹುದು. ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಮೈಸೂರು–ಅರಸೀಕೆರೆ ರೈಲುಮಾರ್ಗವಿದೆ. ಹಾಸನವೂ ಅದೇ ಮಾರ್ಗದಲ್ಲಿದೆ, ಮೈಸೂರೂ ಅದೇ ಮಾರ್ಗದ ಕೊನೆ. ಚನ್ನರಾಯಪಟ್ಟಣಕ್ಕೆ ಹೆದ್ದಾರಿಯ ಜೊತೆಗೆ, 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ರೈಲುಮಾರ್ಗವೂ ಒದಗಿತು. ಅಲ್ಲಿಯ ರೋಗಿಗೆ ಪೂರ್ವಕ್ಕೂ ಪಶ್ಚಿಮಕ್ಕೂ ದಾರಿ ಇದೆ. ಅರಕಲಗೂಡಿಗೆ ರೈಲಿಲ್ಲ. ಸುಮಾರು 30 ಕಿಲೋಮೀಟರು ದೂರದ ಹಾಸನಕ್ಕೆ ಬಸ್ಸಿನಲ್ಲಿ ಬಂದವನಿಗೆ ಆಸ್ಪತ್ರೆ ಊರಾಚೆ ಇದ್ದರೆ ಮತ್ತೊಂದು ವಾಹನದ ಬಾಡಿಗೆ ಬೀಳುತ್ತದೆ. ಅವನ ಜೊತೆಯಲ್ಲಿ ಬಂದ ತಾಯಿಗೋ ಮಗನಿಗೋ ಊಟ, ವಸತಿ, ಔಷಧಿಗಳಿಗಾಗಿ ಪ್ರತಿದಿನವೂ ಅದೇ ವೆಚ್ಚ. ಈ ಖರ್ಚು ಯಾವ ಯೋಜನೆಯ ಅಂದಾಜುಪಟ್ಟಿಯಲ್ಲಿಯೂ ಸೇರುವುದಿಲ್ಲ. ನಿವೇಶನ ಅಗ್ಗವಾದಷ್ಟೂ ರೋಗಿಯ ಹಾದಿ ತುಟ್ಟಿಯಾಗುತ್ತದೆ.

ಹಾಗೆಂದು ನಡುಪಟ್ಟಣದ ಆವರಣದಲ್ಲಿ ಕೊನೆಯಿಲ್ಲದೆ ಕಟ್ಟಲಾಗದು. ಅಂತಸ್ತುಗಳು ಏರಿದಂತೆ ಗಾಳಿ ಬೆಳಕು ಕುಗ್ಗುತ್ತವೆ, ಆಂಬುಲೆನ್ಸಿಗೆ ದಾರಿ ಕಿರಿದಾಗುತ್ತದೆ. ಇದಕ್ಕೆ ಪರಿಹಾರವು ಆವರಣದ ಒಳಗಿಗಿಂತ ಹೊರಗೇ ಇದೆಯೆಂದು ನನ್ನ ಅಭಿಪ್ರಾಯ. 1943ರಲ್ಲಿ ನೇಮಕವಾದ ಭೋರ್ ಸಮಿತಿಯು 1946ರ ವರದಿಯಲ್ಲಿ, ದೀರ್ಘಾವಧಿಯ ಗುರಿಯಾಗಿ, ಪ್ರಾಥಮಿಕ ಘಟಕಕ್ಕೆ 75, ಮಧ್ಯಮ ಘಟಕಕ್ಕೆ 650, ಜಿಲ್ಲಾ ಕೇಂದ್ರಕ್ಕೆ 2,500 ಹಾಸಿಗೆಗಳನ್ನು ಸೂಚಿಸಿತ್ತು. ಆ ಸಂಖ್ಯೆಗಳು ಕಾಗದದಲ್ಲಿಯೇ ಉಳಿದುವು. ಆದರೆ ಕ್ರಮ ಸರಿಯಾದುದು. 2011ರ ಜನಗಣತಿಯಂತೆ 17,76,421 ಜನರಿರುವ ಈ ಜಿಲ್ಲೆಯಲ್ಲಿ ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿದ್ದಷ್ಟು ಮೇಲಿನದಕ್ಕೆ ನೆಲದ ಹಸಿವು ಕಡಮೆ. ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯ ವೇಳೆ ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಲು ವೈದ್ಯರೂ ಅರಿವಳಿಕೆ ತಜ್ಞರೂ ಇದ್ದರೆ, ಅಷ್ಟು ಹಾಸಿಗೆಗಳು ಕೃಷ್ಣರಾಜಪುರದಲ್ಲಿ ತೆರವಾಗುತ್ತವೆ.