ಪಿ.ಪಿ. ನಂಬರಿನ ಇಂಟರ್ನೆಟ್ಟು

ತೊಂಬತ್ತರ ದಶಕದಲ್ಲಿ ಹಳ್ಳಿಯಲ್ಲಿ ಬೆಳೆದವರಿಗೆ ಪಿ.ಪಿ. ನಂಬರ್ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕಾರು ಮನೆಗೆ ಒಂದೇ ಫೋನು, ಅದೂ ಅಂಗಡಿಯವರದ್ದು. ಲಗ್ನಪತ್ರಿಕೆಯಲ್ಲಿ ನಮ್ಮ ಹೆಸರಿನ ಕೆಳಗೆ ಅವರ ನಂಬರ್ ಹಾಕಿ ಪಿ.ಪಿ. ಅಂತ ಬರೆಯೋದು. ಕರೆ ಬಂದ್ರೆ ಯಾರನ್ನ ಕೂಗಬೇಕು ಅಂತ ಅಂಗಡಿಯವರಿಗೆ ಗೊತ್ತಿದ್ದರೆ ಆಯ್ತು. ಮನೆಯ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡೋದೂ ಇದೇ ಕೆಲಸ.

ಇಂಟರ್ನೆಟ್ಟು ಹುಟ್ಟಿದಾಗ ಹೀಗಿರಲಿಲ್ಲ. 1981ರ ಐಪಿವಿ4 ನಿಯಮದಲ್ಲಿ ವಿಳಾಸಕ್ಕೆ 32 ಬಿಟ್, ಅಂದ್ರೆ ಸುಮಾರು 429 ಕೋಟಿ ವಿಳಾಸ. ಪ್ರತಿ ಕಂಪ್ಯೂಟರಿಗೂ ಸ್ವಂತ ನಂಬರ್, ಯಾರು ಯಾರನ್ನಾದರೂ ನೇರವಾಗಿ ಕರೆಯಬಹುದು ಅನ್ನೋದು ಆಗಿನ ಲೆಕ್ಕ. ತೊಂಬತ್ತರ ಶುರುವಿಗೇ ಇದು ಸಾಲಲ್ಲ ಅಂತ ಗೊತ್ತಾಯ್ತು. 1994ರ ಮೇನಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ‘ನ್ಯಾಟ್’ ಅನ್ನೋ ಉಪಾಯ ಬರೆದಿಟ್ಟರು: ಒಳಗೆ ಖಾಸಗಿ ವಿಳಾಸ, ಹೊರಗೆ ಹಂಚಿಕೊಂಡ ವಿಳಾಸ. ಇದು ಅಲ್ಪಾವಧಿಯ ಪರಿಹಾರ ಅಂತ ಅವರೇ ಹೇಳಿದ್ದರು. 128 ಬಿಟ್‌ನ ಐಪಿವಿ6ರ ಮೊದಲ ನಿಯಮ 1995ರ ಡಿಸೆಂಬರಿಗೇ ಬಂತು. ಆದರೆ ನಾಲ್ಕು ದಿನಕ್ಕೆ ಅಂತ ಹಾಕಿದ ಚಪ್ಪರವೇ ಮನೆಯಾಗಿ ನಿಂತುಬಿಟ್ಟಿತು.

ಒಳಗಿನಿಂದ ನಾವು ಕರೆದರೆ ರೌಟರ್ ಅದನ್ನ ಬರೆದಿಟ್ಟುಕೊಂಡು ಉತ್ತರವನ್ನು ಸರಿಯಾದ ಮೊಬೈಲಿಗೆ ಕೊಡುತ್ತೆ. ಹೊರಗಿನವರು ತಾವಾಗಿ ಕರೆದರೆ ಯಾರಿಗೆ ಅಂತ ಅದಕ್ಕೆ ತಿಳಿಯಲ್ಲ, ಬಿಸಾಕುತ್ತೆ. ಅದಕ್ಕೇ ನಾವು ‘8080ಕ್ಕೆ ಬಂದದ್ದನ್ನು 192.168.1.20ಕ್ಕೆ ಕೊಡು’ ಅಂತ ಒಂದು ಸಾಲು ಸೇರಿಸಬೇಕು. ಆ 20ನ್ನು ಅದೇ ಯಂತ್ರಕ್ಕೆ ಕಾಯ್ದಿರಿಸಬೇಕು, ಇಲ್ಲಾಂದ್ರೆ ನಾಳೆ ಅದು ಬೇರೆ ಯಾವುದಕ್ಕೋ ಹೋಗಬಹುದು. ಬಾಗಿಲು ತೆರೆದ ಮೇಲೆ ಕಳ್ಳರಿಗೂ ದಾರಿಯೇ, ಹಾಗಾಗಿ ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲು ಬದಲಿಸಬೇಕು. 2016ರಲ್ಲಿ ಮಿರಾಯ್ ಹಬ್ಬಿದ್ದು ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳಲ್ಲೇ.

ಈಗ ಆ ಒಂದು ಸಾಲಿಗೂ ಬೆಲೆಯಿಲ್ಲದಂತಾಗಿದೆ. 2011ರ ಫೆಬ್ರವರಿ 3ರಂದು ಐಪಿವಿ4 ವಿಳಾಸಗಳ ಜಾಗತಿಕ ಉಗ್ರಾಣ ಬರಿದಾಯ್ತು. ಮರುವರ್ಷ, ಸೇವೆ ಕೊಡುವ ಕಂಪನಿಗಳೇ ಇನ್ನೊಂದು ನ್ಯಾಟ್ ಹಾಕಿಕೊಳ್ಳಲು 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ಅಂದ್ರೆ ಅಂಗಡಿಯವರ ನಂಬರೂ ಪಿ.ಪಿ.ನೇ! ಊರಿನ ನಮ್ಮ ಮನೆಯ ರೌಟರಿಗೆ ಸಿಕ್ಕಿರೋದೂ ಇಂಥದ್ದೇ ವಿಳಾಸ. ನಾನು ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕರೆ ಅಲ್ಲಿಗೆ ಮುಟ್ಟಲ್ಲ. ಬೆಂಗಳೂರಿನಲ್ಲಿ ಕೂತು ಅಪ್ಪ ಅಮ್ಮ ಇರೋ ಮನೆಯ ಅಂಗಳ ನೋಡಬೇಕಂದ್ರೆ ಆ ಚಿತ್ರ ಕ್ಯಾಮೆರಾ ಕಂಪನಿಯ ಸರ್ವರಿನ ಮೂಲಕವೇ ಬರಬೇಕು. ಅವರು ಅಂಗಡಿ ಮುಚ್ಚಿದ ದಿನ ನನ್ನ ಕಿಟಕಿಯೂ ಮುಚ್ಚುತ್ತೆ.

ಜಾಗ ಉಳಿಸೋಕೆ ಮಾಡಿದ ಉಪಾಯ ನಮ್ಮನ್ನೆಲ್ಲ ಬರೀ ಗಿರಾಕಿಗಳನ್ನಾಗಿ ಮಾಡಿತು ಅನ್ನೋದು ನನ್ನ ತಕರಾರು. ಐಪಿವಿ6ರಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸವೇ ಸಿಗುತ್ತೆ. ಫಾರ್ವರ್ಡಿಂಗ್ ಬೇಡ, ಫೈರ್‌ವಾಲಿನಲ್ಲಿ ಅನುಮತಿ ಕೊಟ್ಟರೆ ಸಾಕು. ಮುಂದಿನ ಸಲ ಕನೆಕ್ಷನ್ ತಗೊಳ್ಳುವಾಗ ವೇಗ ಎಷ್ಟು ಅಂತ ಕೇಳೋದರ ಜೊತೆಗೆ ಇದನ್ನೂ ಕೇಳಿ.