ಆಯಿ ಹೊಲಿದ ಕೌದಿ ಬಿಚ್ಚಿದಾಗ

ದೀಪಾವಳಿಗೆ ಮನಿ ಸ್ವಚ್ಛ ಮಾಡೂವಾಗ ಹಳೇ ಟ್ರಂಕಿನ ತಳದಾಗ ನಮ್ಮ ಆಯಿ ಹೊಲಿದ ಕೌದಿ ಸಿಕ್ತು. ಒಂದು ಮೂಲಿ ಇಲಿ ಕಡದಿತ್ತು. ನಡುವಿನ ಹೊಲಗಿ ಅಲ್ಲಲ್ಲಿ ಹರದು ಒಳಗಿನ ಅರಿವಿ ಹೊರಗ ಬಂದಿತ್ತು. ನನ್ನ ಮಗ ನೋಡಿದವನ, "ಇದನ್ನ ಇನ್ನ ಯಾರು ಹೊಚ್ಚಿಗೋತಾರ? ಗಾಡಿ ಒರಸಾಕ ಬರ್ತೈತಿ, ಕೊಡವ್ವಾ" ಅಂದ. ನಾನು ಕೊಡಲಿಲ್ಲ. ಹಂಗಂತ ಮಡಚಿ ಮತ್ತ ಟ್ರಂಕಿಗೆ ಹಾಕೂದೂ ನಮ್ಮ ಅವ್ವಗ ಸೇರಲಿಲ್ಲ. ಅಕಿಗೆ ಈಗ ಎಂಬತ್ತು ದಾಟೇತಿ. "ಹೊಚ್ಚಿಗೊಂಡ್ರ ಕೌದಿ, ಇಟ್ಟುಕೊಂಡ್ರ ಇಲಿ ಗೂಡು. ಬಿಚ್ಚು, ಹೊಸದಾಗಿ ಹಾಕೂಣು" ಅಂದ್ಲು. ಹಂಗಾಗಿ ಒಂದು ಸಣ್ಣ ಕತ್ರಿ ತಗೊಂಡು ಪಡಸಾಲ್ಯಾಗ ಬಿಸಲಿಗೆ ಕುಂತೆ.

ಕೌದಿ ಬಿಚ್ಚೂದು ಅಂದ್ರ ಹೊಲದಾಗ ಬಾವಿ ತೋಡಿದಂಗ ನೋಡ್ರಿ. ಮ್ಯಾಲಿನ ಮಣ್ಣು ನಿನ್ನೇದು, ಕೆಳಗ ಹೋದಂಗ ಹಳೇದು. ನಮ್ಮ ಕಡೆ ಕೌದಿಗೆ ಹೊಸಾ ಅರಿವಿ ಯಾರೂ ಹಾಕೂದಿಲ್ಲ. ಉಟ್ಟು ಮೆತ್ತಗಾದ ಸೀರಿ, ಧೋತರ, ಹರಕ ಅಂಗಿ, ಕುಬಸದ ಚೂರು, ಇವೆಲ್ಲಾ ಒಂದರ ಮ್ಯಾಲೊಂದು ಹಾಸಿ, ಬೆರಳಿನಷ್ಟು ಅಂತರ ಬಿಟ್ಟು ಉದ್ದಕ್ಕ ಎಳಿ ಹಾಕಿದ್ರ ಆತು. ಮ್ಯಾಲಿನ ಪದರು ಹರದ್ರ ಅದನ್ನ ಒಗಿಯೂದಿಲ್ಲ. ಅದರ ಮ್ಯಾಲ ಇನ್ನೊಂದು ಪದರು ಏರತೈತಿ. ಹಳೇ ಕೌದಿನ ಹೊಸಾ ಕೌದಿ ಹೊಟ್ಟ್ಯಾಗ ಹೋಗಿ ಕುಂದರತೈತಿ. ಬರಿಯಾಕ ಓದಾಕ ಬರದ ಹೆಣಮಕ್ಕಳು ಮನಿ ಇತಿಹಾಸ ಹಿಂಗ ಕಾಪಾಡಿದ್ರು.

ಎಷ್ಟು ಹಳೇದು ಈ ಪದ್ಧತಿ ಅಂತ ಅರಿವಿ ನೋಡಿ ಹೇಳಾಕ ಆಗೂದಿಲ್ಲ. ಅರಿವಿ ಕಲ್ಲಲ್ಲ, ತಾಮ್ರ ಅಲ್ಲ, ನಮ್ಮ ಮಳಿಗಾಲದಾಗ ಹುಳ ಹತ್ತಿ ಹೋಗಿಬಿಡತೈತಿ. ಆದ್ರ ಮಾತು ಉಳಿದಾವು. "ಕಂತೆಗೆ ತಕ್ಕ ಬೊಂತೆ" ಅಂತ ಗಾದಿ ಎಲ್ಲಾರೂ ಅಂತೀವಿ. ಕಂತೆ ಅಂದ್ರ ಸಂಸ್ಕೃತದ ಕಂಥಾ, ತುಂಡು ಅರಿವಿ ಕೂಡಿಸಿ ಹೊಲಿದದ್ದು, ಸನ್ಯಾಸಿಗಳು ಹೊಚ್ಚಿಗೊಳ್ಳೂದು. ಬೊಂತೆ ಅಂದ್ರೂ ನಮ್ಮ ಕೌದಿನ. ಬಂಗಾಲದಾಗ ಅದ ಶಬ್ದ ಕಾಂಥಾ ಆಗಿ ಇವತ್ತಿಗೂ ಐತಿ. ಅಲ್ಲಿ ಹೆಣಮಕ್ಕಳು ಹಳೇ ಸೀರಿ ಅಂಚಿನ ಬಣ್ಣದ ನೂಲು ಬಿಚ್ಚಿ, ಅದ ನೂಲಿನಿಂದ ಹಳೇ ಸೀರಿ ಮ್ಯಾಲ ಹೂವು, ಮೀನ, ರಥ ಬಿಡಸ್ತಾರ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನಾಗಿರೋ ಸಿದ್ದಿ ಹೆಣಮಕ್ಕಳ ಕೌದಿ ಇನ್ನೊಂದು ನಮೂನಿ. ಅವರ ಹಿರೇರನ್ನ ಪೋರ್ಚುಗೀಜರ ಕಾಲದಾಗ ಆಫ್ರಿಕಾದಿಂದ ಗೋವಾಕ್ಕ ಗುಲಾಮರನ್ನಾಗಿ ತಂದಿದ್ರು. ತಪ್ಪಿಸಿಕೊಂಡು ಘಟ್ಟ ಹತ್ತಿದವರು ಕಾಡಿನಾಗ ಮನಿ ಕಟ್ಟಿದ್ರು. ಅವರು ಅಂಚಿನಿಂದ ಸುರು ಮಾಡಿ ಸುತ್ತಾ ಹೊಲಕೋತ ನಡುವಿಗೆ ಬರ್ತಾರ, ನಾಕೂ ಮೂಲಿಗೆ ಅರಿವಿ ಮಡಚಿ ಹೂವು ಕೂಡಸ್ತಾರ. ಆ ಕೌದಿ ಈಗ ಅಮೆರಿಕದ ಪ್ರದರ್ಶನಕ್ಕೂ ಹೋಗಿ ಬಂದಾವು. ನಮ್ಮ ಆಯಿ ಅದನ್ನ ನೋಡಿದ್ರ, "ಹೂವಿಗೆ ಇಷ್ಟು ಅರಿವಿ ಹಾಳು ಮಾಡ್ಯಾರಲ್ಲ" ಅಂದಿರೋಕಿ. ಅಕಿ ಕೌದಿಯೊಳಗ ಚಂದಕ್ಕ ಜಾಗಾ ಇರಲಿಲ್ಲ, ಚಳಿಗೆ ಅಷ್ಟ.

ಮೊದಲನೇ ಪದರು ಬಿಚ್ಚಿದೆ. ಅವ್ವನ ಎರಡು ಹೂವಿನ ಸೀರಿ, ಗಿರಣಿ ಮಾಲು. ಅದರ ಕೆಳಗ ಆಯಿಯ ಇಳಕಲ್ ಸೀರಿ. ಇಳಕಲ್ ಸೀರಿದು ಒಂದು ವಿಶೇಷ ಐತಿ ನೋಡ್ರಿ, ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕೊಂಡಿ ಹಾಕಿ ಕೂಡಸ್ತಾರ. ಹಂಗಾಗಿ ಕೆಂಪು ಸೆರಗು ಎಲ್ಲಿ ಸುರು ಆತು ಅಂತ ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಗೊತ್ತಾಗತೈತಿ. ಸೆರಗು ಚೂರುಚೂರು ಆಗಿತ್ತು, ಹತ್ತಿಯ ಮೈ ಮಾತ್ರ ಇನ್ನೂ ಗಟ್ಟಿ. ಅದರ ಕೆಳಗ ಮುತ್ಯಾನ ಧೋತರ, ನಮ್ಮ ಅಪ್ಪನ ಖಾದಿ ಅಂಗಿಯ ಬೆನ್ನು. ಅಪ್ಪ ಪ್ರಾಥಮಿಕ ಶಾಲಿ ಮಾಸ್ತರು. ಪಗಾರದಾಗ ಅರಿವಿಗೆ ಎಷ್ಟು ಖರ್ಚು ಮಾಡ್ತಿದ್ನೋ ಅದಕ್ಕಿಂತ ಹೆಚ್ಚು ಪುಸ್ತಕಕ್ಕ ಮಾಡ್ತಿದ್ದ ಅಂತ ಅವ್ವನ ತಕರಾರು ಇವತ್ತಿಗೂ ಐತಿ.

ಆ ತಕರಾರಿನಿಂದನ ನಮ್ಮ ಮನ್ಯಾಗ ಕೌದಿಗೂ ಓದಿಗೂ ಗಂಟು ಬಿತ್ತು. ಧಾರವಾಡದಾಗ ಜಿ.ಬಿ. ಜೋಶಿಯವರು 1933ರಾಗ ಮನೋಹರ ಗ್ರಂಥಮಾಲೆ ಸುರು ಮಾಡಿದ್ರು. ಚಂದಾ ಕಟ್ಟಿದ್ರ ಪುಸ್ತಕ ಮನಿಗೆ ಬರ್ತಿದ್ವು. 1956ರಿಂದ ಹುಬ್ಬಳ್ಳಿಯ ಕಸ್ತೂರಿ ಮಾಸಪತ್ರಿಕೆ ಬರಾಕ ಹತ್ತಿತು. ಅಪ್ಪ ಎರಡೂ ತರಸ್ತಿದ್ದ. ಮಧ್ಯಾಹ್ನ ಊಟ ಆದ ಮ್ಯಾಲ ಆಯಿ, ಅವ್ವ, ಬಾಜೂ ಮನಿ ಕಾಕು ಮೂರೂ ಮಂದಿ ಕೌದಿ ಸುತ್ತ ಕುಂದರವರು, ನಾನು ಜ್ವಾರಲೇ ಓದಬೇಕು. ಅದು ನನಗ ಹಚ್ಚಿದ ಕೆಲಸ. ನೀರು ತರೂದು ತಪ್ಪತಿತ್ತಲ್ಲ ಅಂತ ನನಗೂ ಖುಷಿ. ತ್ರಿವೇಣಿಯವರ ಕಾದಂಬರಿ ಬಂದ್ರ ಸೂಜಿ ನಿಂತುಬಿಡತಿತ್ತು. ಆ ತಾಯಿ 1963ರಾಗ, ಮೂವತ್ತೈದು ತುಂಬೂದ್ರೊಳಗ ತೀರಿಕೊಂಡ್ರು ಅಂತ ಅಪ್ಪ ಹೇಳಿದ ದಿನ ಕಾಕು ಕಣ್ಣಾಗ ನೀರು ತಂದಿದ್ಲು. ಸ್ವಂತ ಮನಿ ಮಂದಿ ಹೋದಂಗ.

ಹೊಲಗಿ ಮಷೀನ ನಮ್ಮ ಓಣ್ಯಾಗ ಇರಲಿಲ್ಲ ಅಂತಲ್ಲ. ಅಮೆರಿಕದಾಗ ಎಲಿಯಾಸ್ ಹೋವ್ 1846ರಾಗ, ಸಿಂಗರ್ 1851ರಾಗ ಪೇಟೆಂಟ್ ಮಾಡಿಸಿದ ಮಷೀನು ನಮ್ಮ ಊರಿನ ಶಿಂಪಿಗೇರ ಕಟ್ಟಿಗೆ ಬಂದು ಎಷ್ಟೋ ವರ್ಷ ಆಗಿತ್ತು. ಯಂತ್ರದ ಹುಚ್ಚಿಗೆ ಮುಖ ಮುರಿಯೂ ಗಾಂಧೀಜಿಯವರು 1924ರಾಗ ಹೊಲಗಿ ಮಷೀನಕ್ಕ ವಿನಾಯಿತಿ ಕೊಟ್ಟಿದ್ರು, ಹೆಂಡತಿ ಕಷ್ಟ ನೋಡಲಾರದ ಪ್ರೀತಿಯಿಂದ ಸಿಂಗರ್ ಅದನ್ನ ಮಾಡಿದ ಅಂತ ಅವರ ನಂಬಿಕಿ. ಅಪ್ಪ ಇದನ್ನ ಹೇಳಿ ಆಯಿಗೆ ಮಷೀನ ತರಸ್ತೀನಿ ಅಂದಿದ್ದ. ಆಯಿ ಒಪ್ಪಲಿಲ್ಲ. "ಮಷೀನ ಹೊಲಗಿ ಬಿಗಿ. ಹಳೇ ಅರಿವಿ ಆ ಬಿಗಿಗೆ ಹರೀತೈತಿ. ಕೈ ಹೊಲಗಿ ಜಗ್ಗಿದ್ರ ಜಗ್ಗತೈತಿ, ಬಿಟ್ರ ಬಿಡತೈತಿ" ಅಂದ್ಲು. ನಲವತ್ತು ವರ್ಷದ ಮ್ಯಾಲ ಆ ಎಳಿ ಬಿಚ್ಚೂವಾಗ ಅಕಿ ಮಾತು ಖರೇ ಅನಿಸ್ತು. ನೂಲು ಸತ್ತಿತ್ತು, ಅರಿವಿಗೆ ಎಲ್ಲೂ ಗಾಯ ಆಗಿರಲಿಲ್ಲ.

ಇನ್ನ ಮೋತಿ ಮಾತು ಹೇಳಬೇಕು.

ಮೋತಿ ನಮ್ಮ ನಾಯಿ. ಜಾತಿ ನಾಯಿ ಅಲ್ಲ, ಓಣಿ ನಾಯಿ, ಮಳ್ಯಾಗ ತೊಯ್ದು ಬಂದು ನಮ್ಮ ಕಟ್ಟಿ ಕೆಳಗ ಕುಂತ ಮರಿ. ಆಯಿ ಬೈಕೋತನ ಒಂದು ಹಳೇ ಕೌದಿ ಹಾಸಿದ್ಲು. ಹಲ್ಲು ಬರೂವಾಗ ಅದು ಆ ಕೌದಿಯ ಮೂಲಿ ಕಡದು ಹರೀತು. ಆಯಿ ಗುಳೇದಗುಡ್ಡದ ಕೆಂಪು ಖಣದ ಚೂರು ತಗೊಂಡು ಮುಕ್ಕೋಣಿ ತ್ಯಾಪಿ ಹಚ್ಚಿದ್ಲು. "ನಾಯಿ ಹಾಸಿಗಿಗೆ ಖಣ ಯಾಕ?" ಅಂತ ಅವ್ವ ಕೇಳಿದ್ರ, "ಕೈಗೆ ಸಿಕ್ತು, ಹಚ್ಚಿದೆ" ಅಂದ್ಲು.

ದಿನಾ ಸಂಜಿಕ ನಾನು ವಾಚನಾಲಯಕ್ಕ ಹೊಂಟ್ರ ಮೋತಿ ಹಿಂದ. ನಾನು ಒಳಗ, ಅದು ಮೆಟ್ಟಿಲ ಮ್ಯಾಲ. ಹೊರಗ ಬಂದಾಗ ಬಾಲ ಬಡಿಯೂದು, ಕೂಡಿ ಮನಿಗೆ ಬರೂದು. 1981ರಾಗ, ನನಗ ಹನ್ನೆರಡು ವರ್ಷ, ಒಂದು ದಿನ ಕಾದಂಬರಿ ಮುಗಿಸೇ ಬಿಡೂಣು ಅಂತ ಕುಂತೆ. ಬಾಗಲಾಗ ಮೋತಿ ಎರಡು ಸಲ ಕುಂಯ್‌ಗುಟ್ಟಿದ್ದು ಕೇಳಿಸ್ತು. ಏಳಲಿಲ್ಲ. ಇನ್ನ ಹತ್ತು ಪುಟ ಅಂದುಕೊಂಡೆ. ಅದು ನನ್ನ ಹುಡುಕಿಕೋತ ರಸ್ತೆಕ್ಕ ಇಳೀತೋ ಏನೋ, ಲಾರಿ ಬಂತು.

ಮನ್ಯಾಗ ನಾನು ಹೇಳಿದ್ದು ಬ್ಯಾರೆ. "ನನ್ನ ಜೋಡಿ ಬಂದಿರಲಿಲ್ಲ, ಯಾವಾಗ ತಪ್ಪಿಸಿಕೊಂಡಿತ್ತೋ" ಅಂದೆ. ಯಾರೂ ಎರಡನೇ ಮಾತು ಕೇಳಲಿಲ್ಲ. ಆಯಿ ಮೋತಿನ್ನ ಅದರ ಕೌದ್ಯಾಗ ಸುತ್ತಿದ್ಲು, ಅಪ್ಪ ಹಿತ್ತಲ ಬೇವಿನ ಗಿಡದ ಕೆಳಗ ಕುಣಿ ತೋಡಿದ. ಅಷ್ಟಕ್ಕ ಆ ಕತಿ ಮುಗೀತು ಅಂತ ತಿಳಕೊಂಡಿದ್ದೆ.

ಮುಂದ ನಾನು ಧಾರವಾಡಕ್ಕ ಕಾಲೇಜಿಗೆ ಬಂದು ಇತಿಹಾಸ ತಗೊಂಡೆ. ಅಲ್ಲೇ ಆತಕೂರು ಶಾಸನ ಓದಿದ್ದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಊರು ಅದು. ರಾಷ್ಟ್ರಕೂಟರ ಮೂರನೇ ಕೃಷ್ಣ 949ರಾಗ ತಕ್ಕೋಲದ ಯುದ್ಧದಾಗ ಚೋಳರನ್ನ ಸೋಲಿಸ್ತಾನ, ಚೋಳ ರಾಜಾದಿತ್ಯ ಅಲ್ಲೇ ಸಾಯತಾನ. ಕೃಷ್ಣನ ಕಡೆ ಗಂಗರ ಬೂತುಗ, ಬೂತುಗನ ಕೈಕೆಳಗ ಮಣಲೇರ ಅನ್ನೋ ವೀರ. ಅವನ ಪರಾಕ್ರಮಕ್ಕ ಮೆಚ್ಚಿ ಏನು ಬೇಕು ಕೇಳು ಅಂದ್ರ ಅವ ಹೊಲ ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ಅರಸನ ಬೇಟಿ ನಾಯಿ ಕಾಳಿನ್ನ ಕೇಳಿದ. ಆ ಕಾಳಿ ಮುಂದ ಒಂದು ದೊಡ್ಡ ಹಂದಿ ಜೋಡಿ ಕಾದಾಡಿ, ಎರಡೂ ಕೂಡೇ ಸತ್ತವು. ಅದಕ್ಕ ಗುಡಿ ಮುಂದ ವೀರಗಲ್ಲು ನಿಲ್ಲಿಸಿದ್ರು, ಹೊಲ ಬಿಟ್ರು, ಆ ಹೊಲ ನೋಡಿಕೊಳ್ಳೋ ಗೊರವ ಕಲ್ಲಿಗೆ ಪೂಜಿ ಮಾಡದ ಉಣಬಾರದು ಅಂತ ಕಟ್ಟಳಿನೂ ಬರದ್ರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಾಗ ಐತಿ. ನಾಯಿ, ಹಂದಿ ಕಾದಾಡೂ ಚಿತ್ರ ಇವತ್ತಿಗೂ ಕಾಣತೈತಿ.

ರಜಾಕ್ಕ ಊರಿಗೆ ಹೋದಾಗ ಇದನ್ನ ಆಯಿಗೆ ಓದಿ ಹೇಳಿದೆ. ಅಕಿ ಸೂಜಿ ನಿಲ್ಲಿಸಿ ಕೇಳಿದ್ಲು. ಆಮ್ಯಾಲ, "ಅರಸರ ಮನಿ ನಾಯಿಗೆ ಕಲ್ಲು. ನಮ್ಮಂಥಾವರ ಮನಿ ನಾಯಿಗೆ ಅರಿವಿ" ಅಂತ ನನ್ನ ತೊಡಿ ಮ್ಯಾಲಿದ್ದ ಕೌದಿ ಸವರಿದ್ಲು. ಕಾಲೇಜಿಗೆ ಹೋಗೂವಾಗ ಅಕಿನ ಹೊಲಿದು ಕೊಟ್ಟ ಕೌದಿ ಅದು. ಮಣ್ಣಿಗೆ ಹೋದ ಅರಿವಿ ಬಗ್ಗೆ ಹೇಳಾಕ ಹತ್ಯಾಳ ಅಂತ ನಾನು ತಿಳಕೊಂಡೆ. ಮಾತು ಬ್ಯಾರೆ ಕಡೆ ತಿರಿಗಿಸಿಬಿಟ್ಟೆ.

ಈಗ ಬಿಸಲಾಗ ಕುಂತು ಬಿಚ್ಚಿದ್ದು ಅದ ಕೌದಿ. ಅಪ್ಪನ ಅಂಗಿ ಪದರು ಎತ್ತಿದ್ರ ಕೆಳಗ ಇನ್ನೊಂದು ಕೌದಿ. ಪೂರಾ ಅಲ್ಲ, ಅರ್ಧ. ಒಂದು ಬದಿ ಕತ್ರಿಯಿಂದ ನೆಟ್ಟಗ ಕತ್ತರಿಸಿ ಅಂಚು ಮಡಚಿ ಹೊಲಿದಿತ್ತು. ಇನ್ನೊಂದು ಬದಿಯ ಮೂಲ್ಯಾಗ ಕೆಂಪು ಖಣದ ಮುಕ್ಕೋಣಿ ತ್ಯಾಪಿ. ಬಣ್ಣ ಹೋಗಿರಲಿಲ್ಲ, ಬಿಸಲು ಕಾಣದ ಒಳಗ ಇತ್ತಲ್ಲ.

ಎಷ್ಟೊತ್ತು ಕುಂತಿದ್ನೋ. ಅವ್ವ ಚಹಾ ತಗೊಂಡು ಬಂದ್ಲು. ತ್ಯಾಪಿ ನೋಡಿದ್ಲು. "ಹೂಂ, ಅದ. ಅವತ್ತು ರಾತ್ರಿ ಕತ್ರಿ ಹುಡುಕಿ ಕೊಟ್ಟಾಕಿ ನಾನ. ಅರ್ಧದಾಗ ಸುತ್ತಿದ್ಲು, ಅರ್ಧ ತೊಳದು ಎತ್ತಿಟ್ಲು. ನಿನ್ನ ಕೌದಿಗೆ ಹಾಕೀನಿ ಅಂತ ಆಮ್ಯಾಲ ಹೇಳಿದ್ಲು" ಅಂದ್ಲು.

"ನನಗ್ಯಾಕ ಹೇಳಲಿಲ್ಲ?"

"ನೀ ಯಾವತ್ತು ಅದರ ಸುದ್ದಿ ತಗದಿ? ಅದರ ಹೆಸರು ಬಂದ್ರ ಎದ್ದು ಹೋಗತಿದ್ದಿ."

ಅಲ್ಲೇ ಕುಂತು ಅವ್ವಗ ಹೇಳಿದೆ. ಮೆಟ್ಟಿಲ ಮ್ಯಾಲ ಅದು ಕರದದ್ದು, ಹತ್ತು ಪುಟದ ಆಸಿಗೆ ನಾನು ಏಳಲಾರದ್ದು, ಮನಿಗೆ ಬಂದು ಸುಳ್ಳು ಹೇಳಿದ್ದು, ಎಲ್ಲಾ. ಅವ್ವ ಚಹಾ ಆರೂ ತನಕ ಸುಮ್ಮನ ಇದ್ಲು. "ಆವಾಗ ಹೇಳಿದ್ರ ನಾಕು ಬಡದು ಬಿಡತಿದ್ದೆ. ಅವತ್ತಿಗೆ ಮುಗೀತಿತ್ತು. ಇಷ್ಟು ವರ್ಷ ಒಬ್ಬಾಕಿನ ಹೊತ್ತಿಯಲ್ಲವ್ವ" ಅಂದ್ಲು. ಆಮ್ಯಾಲ ಎದ್ದು ಹೋಗಿ ಸೂಜಿ ಡಬ್ಬಿ ತಂದ್ಲು.

ಆಯಿಗೆ ನನ್ನ ಸುಳ್ಳು ಗೊತ್ತಿತ್ತೋ ಇಲ್ಲೋ, ಅವ್ವಗೂ ಹೇಳಾಕ ಬರಲಿಲ್ಲ. ಶಾಸನ ಆಗಿದ್ರ ಕಾರಣ ಬರದಿರತಿದ್ರು. ಕೌದಿಯೊಳಗ ಕಾರಣ ಬರಿಯೂದಿಲ್ಲ. ಅರ್ಧ ಮಣ್ಣಿಗೆ, ಅರ್ಧ ನನ್ನ ಮೈಮ್ಯಾಲ, ಇಷ್ಟ ಉಳಿದದ್ದು. ಹಾಸ್ಟೆಲಿನ ಚಳಿಯೊಳಗ ಐದು ವರ್ಷ ಅದನ್ನ ಹೊಚ್ಚಿಗೊಂಡು ಮಲಗೀನಿ, ಆತಕೂರು ಶಾಸನನೂ ಅದರೊಳಗ ಕುಂತ ಓದೀನಿ.

ಹದಿನೈದು ದಿನ ಹಿಡೀತು ಮತ್ತ ಹೊಲಿಯಾಕ. ಅವ್ವ ಎಳಿ ತೋರಸ್ತಾಳ, ನಾನು ಹಾಕ್ತೀನಿ, ನನ್ನ ಎಳಿ ಸೊಟ್ಟ. ಮೋತಿಯ ಅರ್ಧ ಮತ್ತ ನಡುವಿಗೆ ಹೋತು, ತ್ಯಾಪಿ ಸಮೇತ. ಗಾಡಿ ಒರಸಾಕ ಕೇಳಿದ ಮಗ ಎಲ್ಲಾ ಕೇಳಿದ ಮ್ಯಾಲ ತನ್ನ ಹಳೇ ಶಾಲಿ ಅಂಗಿ ಹುಡುಕಿ ತಂದು ಕೊಟ್ಟ. ಕಡೇ ಮೂಲಿ ಮುಚ್ಚೂ ಮುಂದ ಆಯಿ ಮಾಡತಿದ್ದಂಗ ಐದು ಕಾಳು ಬಿಳಿಜ್ವಾಳ ಒಳಗ ಹಾಕಿದೆ. ಕೌದಿ ಹೊಟ್ಟಿ ಬರಿದು ಇರಬಾರದು ಅಂತ ಅಕಿ ಅಂತಿದ್ಲು. ಜ್ವಾಳಕ್ಕ ಮತ್ತ ಇಲಿ ಬಂದೀತು ಅಂತ ಅವ್ವ ಅಂದ್ಲು. ಬಂದ್ರ ಮತ್ತ ಬಿಚ್ಚೂಣು ಅಂದೆ.

ನಿಮ್ಮ ಮನ್ಯಾಗೂ ಹಳೇ ಕೌದಿ ಇದ್ರ ಒಗಿಯೂ ಮೊದಲ ಒಂದು ಮೂಲಿ ಬಿಚ್ಚಿ ನೋಡ್ರಿ. ಹೊಲಿದ ಹಿರೇ ಜೀವ ಇನ್ನೂ ಇದ್ರ, ಬಾಜೂಕ ಕುಂದರಿಸಿಕೊಂಡು ಬಿಚ್ಚರಿ. ಕೇಳೂದು ಇದ್ರ ಅವತ್ತ ಕೇಳರಿ, ಹೇಳೂದು ಇದ್ರ ಅವತ್ತ ಹೇಳರಿ.