ಸಿಂಹಾಸನ ಹೊತ್ತ ಮೋಟಾರು

ಅಕ್ಕೋಳ ನಿಪ್ಪಾಣಿಗೆ ಹತ್ತಿರದ ಊರು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಹೀಗಾಗಿ ನಮ್ಮ ಕಡೆಯ ಜನಕ್ಕೆ ಅರಸರ ಮೋಟಾರು ಎಂದೊಡನೆ ಕೊಲ್ಹಾಪುರದ ದಸರೆಯೇ ಕಣ್ಣಿಗೆ ಕಟ್ಟುತ್ತದೆ. ಸೀಮೋಲ್ಲಂಘನದ ಸಂಜೆ ಛತ್ರಪತಿ ಮನೆತನದವರು ಕುಳಿತು ಬರುವ ಕೇಸರಿ ಬಣ್ಣದ ಮೇಬ್ಯಾಕ್ ಕಾರು ಜರ್ಮನಿಯದು. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದ್ದು. ಹಬ್ಬದ ದಿನ ಅದು ಬೀದಿಗಿಳಿಯುತ್ತದೆ. ಜನ ಕಣ್ತುಂಬ ನೋಡುತ್ತಾರೆ. ಆದರೆ ನಾನು ಹೇಳಹೊರಟಿರುವುದು ಅದರ ಕಥೆಯಲ್ಲ. ಓಡುವುದಕ್ಕೆಂದೇ ಹುಟ್ಟಿ, ನಿಲ್ಲುವುದರಲ್ಲೇ ಆಯುಷ್ಯ ಕಳೆದ ಇಂಗ್ಲೆಂಡಿನ ಒಂದು ಕಾರಿನ ಕಥೆ. ಅದು ಹೈದರಾಬಾದಿನ ನಿಜಾಮರ ರೋಲ್ಸ್ ರಾಯ್ಸ್. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಕನ್ನಡಿಗರಿಗೆ ಇದು ಪರರ ಮನೆಯ ಸುದ್ದಿಯೂ ಅಲ್ಲ.

ಮೊದಲು ಆ ಕಾರಿನ ಕುಲವನ್ನು ತಿಳಿಯಬೇಕು. ರೋಲ್ಸ್ ರಾಯ್ಸ್ ಕಂಪನಿ 1906ರಲ್ಲಿ ಆರು ಸಿಲಿಂಡರುಗಳ ಹೊಸ ಮಾದರಿಯೊಂದನ್ನು ಹೊರತಂದಿತು. ಅದರ ಒಂದು ಕಾರಿಗೆ ಬೆಳ್ಳಿಯ ಬಣ್ಣ ಬಳಿದು, ಸದ್ದಿಲ್ಲದೆ ಸುಳಿಯುವ ಅದರ ಗುಣವನ್ನು ಕಂಡು ‘ಸಿಲ್ವರ್ ಘೋಸ್ಟ್’, ಅಂದರೆ ಬೆಳ್ಳಿಯ ಭೂತ, ಎಂದು ಹೆಸರಿಟ್ಟರು. ಮುಂದೆ ಇಡೀ ಮಾದರಿಗೇ ಆ ಹೆಸರು ನಿಂತಿತು. 1907ರಲ್ಲಿ ಆ ಕಾರನ್ನು ಪರೀಕ್ಷಕರ ಕಣ್ಣೆದುರಿಗೇ 14,371 ಮೈಲು ಓಡಿಸಿ, ಇಷ್ಟು ದೂರ ಕೆಡದೆ ನಡೆಯಬಲ್ಲ ಯಂತ್ರವಿದು ಎಂದು ಲೋಕಕ್ಕೆ ತೋರಿಸಿಕೊಟ್ಟರು. ರೋಲ್ಸ್ ರಾಯ್ಸಿನ ಕೀರ್ತಿ ಕಟ್ಟಿದ್ದು ಬೆಲೆಯ ಮೇಲೆ ಮಾತ್ರವಲ್ಲ, ಈ ಓಟದ ಮೇಲೆಯೂ ಎಂಬುದನ್ನು ಕೇಳುಗರು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಕಂಪನಿ ಕೊಡುತ್ತಿದ್ದುದು ಎಂಜಿನ್ ಮತ್ತು ಚಾಸಿ ಮಾತ್ರ. ಕುಳಿತುಕೊಳ್ಳುವ ಬಾಡಿಯನ್ನು ಗಿರಾಕಿ ತನಗೆ ಬೇಕಾದ ಕಸುಬುದಾರರಿಂದ ಕಟ್ಟಿಸಿಕೊಳ್ಳಬೇಕು. ಆರನೆಯ ನಿಜಾಮ ಮಹಬೂಬ್ ಅಲೀ ಖಾನರಿಗಾಗಿ ಆ ಕೆಲಸ ಬಿದ್ದದ್ದು ಲಂಡನ್ನಿನ ಬಾರ್ಕರ್ ಕಂಪನಿಯ ಪಾಲಿಗೆ. 1710ರಷ್ಟು ಹಿಂದಿನಿಂದ ದೊಡ್ಡವರಿಗೆ ಸಾರೋಟು ಕಟ್ಟುತ್ತ ಬಂದ ಮನೆತನದ ಕಸುಬು ಅದು. ಹಳದಿಯ ಬಣ್ಣ, ಗುಮ್ಮಟದಂತೆ ಬಾಗಿದ ಚಾವಣಿ, ಹಿಂಬದಿಯಲ್ಲಿ ಸಿಂಹಾಸನವನ್ನು ಹೋಲುವ ಎತ್ತರದ ಆಸನ. ಆದರೆ ಬೇಡಿದ ಅರಸರಿಗೆ ಅದರಲ್ಲಿ ಕೂರುವ ಯೋಗ ಒದಗಲಿಲ್ಲ. 1911ರ ಆಗಸ್ಟ್ 29ರಂದು ಮಹಬೂಬ್ ಅಲೀ ಖಾನರು ತೀರಿಕೊಂಡರು. 1912ರ ಆ ಕಾರು ಏಳನೆಯ ನಿಜಾಮರಾದ ಅವರ ಮಗ ಮೀರ್ ಉಸ್ಮಾನ್ ಅಲೀ ಖಾನರ ಪಾಲಿಗೆ ಬಂದಿತು.

ಈ ಕಾರನ್ನು ‘ಸಿಂಹಾಸನದ ಕಾರು’ ಎಂದು ಕರೆಯುವುದುಂಟು. ನನಗಾದರೋ ಇದನ್ನು ನೆನೆದಾಗ ತೋರುವುದು ಅಂಬಾರಿ. ಮೈಸೂರಿನ ಅರಸರ ಬಳಿಯೂ ಬೆಲೆಬಾಳುವ ಮೋಟಾರುಗಳಿದ್ದವು. ಆದರೆ ವಿಜಯದಶಮಿಯ ದಿನ ಅವರು ಏರುತ್ತಿದ್ದುದು ಆನೆಯನ್ನೇ. ಅಲ್ಲಿ ಯಂತ್ರ ಯಂತ್ರವಾಗಿ, ಆನೆ ಆನೆಯಾಗಿ ಉಳಿದವು. ಹೈದರಾಬಾದಿನಲ್ಲಿ ಎರಡನ್ನೂ ಒಂದುಗೂಡಿಸಿದರು. ಎತ್ತರದ ಪೀಠ, ಮೇಲೊಂದು ಗುಮ್ಮಟ, ಜನದ ನಡುವೆ ಮೆಲ್ಲನೆಯ ನಡೆ: ಅಂಬಾರಿಯ ಲಕ್ಷಣಗಳೆಲ್ಲ ರಬ್ಬರಿನ ಗಾಲಿಯ ಮೇಲೆ ಬಂದು ಕುಳಿತವು. 1911ರಲ್ಲಿ ಇದೇ ಮಾದರಿಯ ಕಾರೊಂದು ಲಂಡನ್ನಿನಿಂದ ಎಡಿನ್‌ಬರೋವರೆಗೆ ಗೇರು ಬದಲಿಸದೆ, ಮೇಲಿನ ಗೇರಿನಲ್ಲೇ ಓಡಿತ್ತು. ವೇಗವನ್ನೂ ಮಂದಗತಿಯನ್ನೂ ಸಮನಾಗಿ ತಾಳಬಲ್ಲ ಎಂಜಿನ್ನಿನ ಈ ಗುಣ ಮೆರವಣಿಗೆಗೆ ಹೇಳಿ ಮಾಡಿಸಿದಂತಿತ್ತು.

ಮೆರವಣಿಗೆಗಳಾದರೂ ಎಷ್ಟು? 35 ವರ್ಷಗಳಲ್ಲಿ ಆ ಕಾರು ನಡೆದದ್ದು 356 ಮೈಲು ಮಾತ್ರವೆಂದು ಹೇಳಲಾಗುತ್ತದೆ. ವರ್ಷಕ್ಕೆ ಹತ್ತು ಮೈಲಿನ ಲೆಕ್ಕ. ನಮ್ಮ ಕಡೆಯ ಚಕ್ಕಡಿಯೊಂದು ಸುಗ್ಗಿಯ ಒಂದೇ ವಾರದಲ್ಲಿ ಅದಕ್ಕಿಂತ ಹೆಚ್ಚು ದಾರಿ ಸವೆಸೀತು. 14,371 ಮೈಲಿನ ಪಂತ ಗೆದ್ದ ಕುಲದಲ್ಲಿ ಹುಟ್ಟಿದ ಯಂತ್ರಕ್ಕೆ ಇಂಥ ಬಾಳು ಬಂದುದನ್ನು ಕೆಲವರು ದುಂದು ಎಂದು ನಗುತ್ತಾರೆ; ಕೆಲವರು, ಆದ್ದರಿಂದಲೇ ಅದು ಮಾಸದೆ ಉಳಿಯಿತು ಎಂದು ಮೆಚ್ಚುತ್ತಾರೆ. ಆ 356 ಎಂಬ ಅಂಕಿಯೇ ಈ ಕಾರಿನ ನಿಜವಾದ ಚರಿತ್ರೆ ಎಂದು ನನ್ನ ಎಣಿಕೆ. ಪಶ್ಚಿಮದ ಯಂತ್ರವನ್ನು ಸಂಸ್ಥಾನಗಳು ಮನೆಗೆ ತಂದುಕೊಂಡವು. ಅದರ ಚಲನೆಯನ್ನು ಮಾತ್ರ ಬಾಗಿಲಲ್ಲೇ ತಡೆದು ನಿಲ್ಲಿಸಿದವು. ಅರಸನಿಗೆ ಬೇಕಾದದ್ದು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದಲ್ಲ, ಇದ್ದಲ್ಲಿಯೇ ಎತ್ತರದಲ್ಲಿ ಕಾಣಿಸಿಕೊಳ್ಳುವುದು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಅದೇ ಉಸ್ಮಾನ್ ಅಲೀ ಖಾನರ ಆಳ್ವಿಕೆಯಲ್ಲಿ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. 1932ರಲ್ಲಿ ಸಂಸ್ಥಾನದ ರೈಲ್ವೆ ಇಲಾಖೆ 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ಆ ಬಸ್ಸುಗಳೂ ಬ್ರಿಟನ್ನಿನಲ್ಲೇ ತಯಾರಾದವು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಒಂದೇ ದ್ವೀಪದಿಂದ ಬಂದ ಎರಡು ಬಗೆಯ ವಾಹನಗಳಲ್ಲಿ ಒಂದು ಅರಮನೆಯಲ್ಲಿ ನಿಂತಿತು, ಇನ್ನೊಂದು ಧೂಳು ಕುಡಿಯುತ್ತ ಜನವನ್ನು ಹೊತ್ತು ತಿರುಗಿತು. ಹಳದಿಯ ಕಾರಿಗೆ ಇಂದು ದೀಪ, ಕಾವಲು, ಬಂದವರ ಬೆರಗು ಎಲ್ಲ ಇವೆ. ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ಜನರನ್ನು ಮುಟ್ಟಿಸಿದ ಬಸ್ಸುಗಳ ಮಾತು ಅದರ ಪಕ್ಕದಲ್ಲಿ ಏಳುವುದೇ ಅಪರೂಪ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ಉಸ್ಮಾನ್ ಅಲೀ ಖಾನರು 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದು, 1967ರಲ್ಲಿ ತೀರಿಕೊಂಡರು. 1956ರ ನವೆಂಬರ್ 1ರಂದು ಹೈದರಾಬಾದಿನ ಕಲಬುರಗಿ ಸೀಮೆಯೂ ಮುಂಬಯಿ ಪ್ರಾಂತದ ನಮ್ಮ ಬೆಳಗಾವಿ ಸೀಮೆಯೂ ಒಂದೇ ರಾಜ್ಯದೊಳಗೆ ಬಂದವು. ನಿಜಾಮರ ಪ್ರಜೆಗಳಾಗಿದ್ದವರೂ ಅಕ್ಕೋಳದ ರೈತರೂ ಅಂದಿನಿಂದ ಒಂದೇ ವಿಧಾನಸಭೆಗೆ ಮತ ಹಾಕುವವರಾದರು. ಸಿಂಹಾಸನ ಕಾರಿನಲ್ಲಿ ಉಳಿಯಿತು; ಅಧಿಕಾರ ಬೇರೆ ಕಡೆಗೆ ನಡೆದಿತ್ತು.

ದುರಸ್ತಿಗೊಂಡ ಆ ಕಾರನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಇರಿಸಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಹಳೆಯ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮವನ್ನೂ ಮಾಡಿತು. ಅವುಗಳಿಗೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟು, ನಿತ್ಯದ ಓಡಾಟಕ್ಕೆ ಮಾತ್ರ ಅವನ್ನು ಬಳಸುವಂತಿಲ್ಲ. ಹಳೆಯದನ್ನು ಕಾಯಬೇಕೆಂಬ ಅರಿವು ಒಳ್ಳೆಯದೇ. ಆದರೆ ತಗಡು, ಹಿತ್ತಾಳೆ, ಬಣ್ಣಗಳನ್ನು ಕಾದ ಮಾತ್ರಕ್ಕೆ ಚರಿತ್ರೆಯನ್ನು ಕಾದಂತಾಗದು. ಕಾರಿನ ಮುಂದಿನ ಫಲಕದಲ್ಲಿ ಒಡೆಯನ ಹೆಸರಿನ ಜೊತೆಗೆ ಅದು ನಡೆದ ಮೈಲಿಗಳ ಲೆಕ್ಕವನ್ನೂ, ಅದೇ ನಾಡಿನಲ್ಲಿ ಓಡಿದ ಆ 27 ಬಸ್ಸುಗಳ ಸಂಗತಿಯನ್ನೂ ಬರೆಯಬೇಕು. ಅದನ್ನು ಓದಿದ ಹುಡುಗನೊಬ್ಬ ಕಾರಿನ ಬೆಲೆ ಎಷ್ಟೆಂದು ಕೇಳುವ ಮೊದಲು, ಇದು ಯಾಕೆ ಓಡಲಿಲ್ಲ ಎಂದು ಕೇಳಿದರೆ ಸಾಕು. ವಸ್ತುಸಂಗ್ರಹಾಲಯ ತನ್ನ ಕೆಲಸ ಮಾಡಿದಂತೆ.